ಸ್ವಿಚ್ಚಿಲ್ಲದ ಮಿಷನ್ನು

ಅಕ್ಕೂರಿನ ಬೈರಪ್ಪನ ಶೆಡ್ಡಿನಲ್ಲಿ ಯಾವ ಸಾಮಾನೂ ತನಗೆ ಹೇಳಿದ ಕೆಲಸ ಮಾಡಿದ್ದಿಲ್ಲ. ಸ್ಕ್ರೂಡ್ರೈವರು ಉಳಿಯಾಗಿತ್ತು, ಸ್ಪ್ಯಾನರು ಸುತ್ತಿಗೆಯಾಗಿತ್ತು, ಸುತ್ತಿಗೆಯನ್ನು ಬಾಗಿಲು ಹೊಡೆದುಕೊಳ್ಳದಂತೆ ಅಡ್ಡ ಇಡುತ್ತಿದ್ದರು. ಮೊಪೆಡ್ಡಿನ ಬ್ರೇಕಿಗೆ ಸೈಕಲ್ ಟ್ಯೂಬಿನ ತುಂಡು ಕಟ್ಟಿತ್ತು. ಅದು ಹಿಡಿಯುತ್ತದೋ ಇಲ್ಲವೋ ಎಂಬುದು ಕೆರೆ ಏರಿ ಇಳಿಯುವಾಗ ಮಾತ್ರ ಗೊತ್ತಾಗುತ್ತಿತ್ತು. ಪವರ್ ಟಿಲ್ಲರಿನ ಚಕ್ರ ಬಿಚ್ಚಬೇಕಾದರೆ ಜಾಕು ಯಾರಿಗೆ ಬೇಕು? ಕಲ್ಲಿನ ಮೇಲೆ ಕಲ್ಲು ಪೇರಿಸಿ, ಅದರ ಮೇಲೆ ಟಿಲ್ಲರನ್ನು ಎತ್ತಿ ಕೂರಿಸಿ, ಬೈರಪ್ಪ ಅದರಡಿ ಅಂಗಾತ ಮಲಗಿ ಹಾಡು ಗುನುಗುತ್ತಿದ್ದ. ಫ್ಯೂಸು ಪದೇ ಪದೇ ಹೋಗುತ್ತದೆಂದು ಅದಕ್ಕೆ ದಪ್ಪ ತಾಮ್ರದ ತಂತಿ ಸುತ್ತಿದ್ದ. ಅಲ್ಲಿಂದ ಮುಂದೆ ಫ್ಯೂಸು ಹೋಗಲಿಲ್ಲ, ರೇಡಿಯೋ ಹೋಯಿತು.

ಇಷ್ಟೆಲ್ಲ ಆಗಿಯೂ ಬೈರಪ್ಪನ ಮೈಮೇಲೆ ಒಂದು ಗೀರು ಬಿದ್ದಿರಲಿಲ್ಲ. ಅದೇ ಅವನ ದೊಡ್ಡ ವಾದ. ಯಾರಾದರೂ ಎದುರಾಡಿದರೆ ಎರಡೂ ಕೈಯ ಹತ್ತು ಬೆರಳು ಮುಂದೆ ಚಾಚಿ, "ನೋಡ್ಕ, ಎಲ್ಲಾ ಬೆಳ್ಳೂ ಅವೆ" ಎನ್ನುತ್ತಿದ್ದ. ರಿಪೇರಿ ಅಂಗಡಿಗೆ ಹೋಗುವುದೆಂದರೆ ಅವನಿಗೆ ಮರ್ಯಾದೆ ಹೋದಷ್ಟು. ಊರಿನವರು ಅವನನ್ನು ಇಂಜಿನಿಯರ್ ಬೈರಪ್ಪ ಎಂದು ಕರೆಯುತ್ತಿದ್ದರು. ಅರ್ಧ ಜನ ಹೊಗಳಲು, ಅರ್ಧ ಜನ ನಗಲು. ಅವನು ಎಲ್ಲರದನ್ನೂ ಹೊಗಳಿಕೆಯ ಲೆಕ್ಕಕ್ಕೇ ಹಾಕಿಕೊಂಡಿದ್ದ.

ಮೇವು ಕತ್ತರಿಸುವ ಮಿಷನ್ನು ಹುಟ್ಟಿದ್ದು ಅವನ ಹೆಂಡತಿ ಸರಸಮ್ಮನ ಭುಜದ ನೋವಿನಿಂದ. ಇದನ್ನು ಹೇಳದೆ ಹೋದರೆ ಬೈರಪ್ಪನಿಗೆ ಅನ್ಯಾಯ ಮಾಡಿದಂತಾಗುತ್ತದೆ. ಮನೆಯಲ್ಲಿ ಮೂರು ಸೀಮೆಹಸು. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹೋಗಬೇಕು, ಹಾಲು ಹೋಗಬೇಕಾದರೆ ಸೀಮೆಹುಲ್ಲು ಹೊರೆಗಟ್ಟಲೆ ಸಣ್ಣಗೆ ಆಗಬೇಕು. ಸರಸಮ್ಮ, ಸೊಸೆ ಇಬ್ಬರೂ ಕೊರಡಿನ ಮುಂದೆ ಕೂತು ಮಚ್ಚಿನಲ್ಲಿ ಕೊಚ್ಚುತ್ತಿದ್ದರು. ಗಂಡಸರು ಆ ಕೊರಡಿನ ಮುಂದೆ ಕೂತದ್ದನ್ನು ಆ ಮನೆಯ ಗೋಡೆಗಳೂ ನೋಡಿರಲಿಲ್ಲ. ಬೈರಪ್ಪನಿಗೆ ಹೆಂಡತಿಯ ನೋವು ಕಂಡಾಗ ಮಚ್ಚು ಹಿಡಿಯೋಣ ಎನ್ನಿಸಲಿಲ್ಲ, ಮಿಷನ್ನು ಮಾಡೋಣ ಎನ್ನಿಸಿತು.

ಮೋಟರು ಬಂದದ್ದು ಚನ್ನಪಟ್ಟಣದಿಂದ. ಅಲ್ಲಿ ಬೊಂಬೆ ಕಡೆಯುವ ಜಬ್ಬಾರ್ ಹಳೆಯ ಲೇತಿನ ಮೋಟರನ್ನು ಮೂಲೆಗೆ ಹಾಕಿದ್ದ. ಬೈರಪ್ಪ ಅದನ್ನು ಮೊಪೆಡ್ಡಿನ ಹಿಂದೆ ಕಟ್ಟಿಕೊಂಡು ಬಂದ. ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಮಸೆದು ಅಲಗು ಮಾಡಿದ. ಟಿಲ್ಲರಿನ ಹಳೆಯ ಚಕ್ರದ ತಟ್ಟೆಗೆ ಆ ಅಲಗುಗಳನ್ನು ಬೋಲ್ಟು ಹಾಕಿ ಬಿಗಿದ. ಒಂದು ಬೋಲ್ಟು ಗಾತ್ರ ಕೂಡಿಬರದೆ ಅದಕ್ಕೆ ಗೋಣಿದಾರ ಸುತ್ತಿ ಗಟ್ಟಿ ಮಾಡಿದ. ಗೋಡೆಯ ಬೋರ್ಡಿನ ಸ್ವಿಚ್ಚು ಮುರಿದು ಎಷ್ಟೋ ಕಾಲವಾಗಿತ್ತು. ಅದನ್ನು ಬಿಟ್ಟು ತಂತಿ ನೇರ ಕೊಟ್ಟುಬಿಟ್ಟಿದ್ದ. ಮೋಟರಿನ ಎರಡು ಬರೀ ತಂತಿಗಳನ್ನು ಬೋರ್ಡಿನ ತೂತಿಗೆ ತೂರಿಸಿ, ಬೀಳದಂತೆ ಬೆಂಕಿಕಡ್ಡಿ ಸಿಕ್ಕಿಸಿದ. ಮಿಷನ್ನು ಗರ್ರೆಂದು ತಿರುಗಿತು. ಕೊಟ್ಟಿಗೆಯಲ್ಲಿ ಹಸುಗಳು ಎದ್ದು ನಿಂತವು.

ಅರ್ಧ ಬೀದಿ ನೋಡಲು ಬಂತು. ಎದುರುಮನೆಯ ಕೃಷ್ಣಪ್ಪ ಒಂದು ಹಿಡಿ ಹುಲ್ಲು ದೂರದಿಂದ ಎಸೆದು, ಅದು ಪುಡಿಯಾಗಿ ಹಾರಿದ್ದನ್ನು ಕಂಡು, "ಬೈರಣ್ಣ, ಬಿಡದಿ ಕಂಪ್ನಿಯೋರು ನಿನ್ ಕಾಲ್ ಮುಟ್ಬೇಕು" ಎಂದ. ಬೈರಪ್ಪ ಮೀಸೆಯಡಿ ನಕ್ಕ. ಸರಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೆಮ್ಮೆ ಪಟ್ಟಳು.

ಸೊಸೆ ನವ್ಯಶ್ರೀ ಮಾತ್ರ ಮಿಷನ್ನಿನ ಸುತ್ತ ಒಂದು ಸುತ್ತು ಬಂದು ನಿಂತಳು.

"ಇದ್ರ ಸ್ವಿಚ್ ಎಲ್ಲಿ ಮಾವ?"

"ಸ್ವಿಚ್ಯಾಕವ್ವ? ಕಡ್ಡಿ ಮಡಗಿದ್ರೆ ಓಡ್ತದೆ, ಕಿತ್ರೆ ನಿಂತ್ಕತದೆ."

"ಚಕ್ರಕ್ಕೆ ಮುಚ್ಚಳ?"

"ಮುಚ್ಚಳ ಹಾಕ್ಬುಟ್ರೆ ನೋಡಕ್ ಬಂದೋರ್ಗೆ ಏನ್ ಕಾಣ್ತದೆ?"

ಬಂದವರು ನಕ್ಕರು. ನವ್ಯಶ್ರೀ ನಗಲಿಲ್ಲ. ಅವಳ ತವರು ಕನಕಪುರದ ಕಡೆ ದೊಡ್ಡಆಲಹಳ್ಳಿ. ಮದುವೆಗೆ ಮುಂಚೆ ಗಾರ್ಮೆಂಟ್ಸಿಗೆ ಹೋಗುತ್ತಿದ್ದವಳು. ಪಕ್ಕದ ಮಿಷನ್ನಿನ ಹುಡುಗಿಯ ಉಗುರಿನೊಳಗೆ ಸೂಜಿ ಇಳಿದದ್ದನ್ನು ಕಣ್ಣಾರೆ ಕಂಡಿದ್ದಳು. ಅವಳು ದನಿ ಎತ್ತದೆ ಹೇಳಿದಳು:

"ಮಾವ, ಮಿಷನ್ ಮಾಡಿದೋರು ನೀವು. ಅದ್ರೊಳಕ್ ಕೈ ಕೊಡೋಳು ನಾನು. ಮುಚ್ಚಳ ಸ್ವಿಚ್ಚು ಬರೋಗಂಟ ನಾನಿದ್ನ ಮುಟ್ಟಕಿಲ್ಲ."

ಅಷ್ಟು ಜನರ ಮುಂದೆ! ಬೈರಪ್ಪನ ಮುಖ ಕಪ್ಪಿಟ್ಟಿತು. ಸರಸಮ್ಮ ಹೆಮ್ಮೆಯನ್ನೆಲ್ಲ ಅಲ್ಲೇ ಬಿಟ್ಟು ಒಳಗೆ ಹೋಗಿ ಪಾತ್ರೆಗಳನ್ನು ಕುಕ್ಕತೊಡಗಿದಳು.

ಸಂಜೆ ಊಟಕ್ಕೆ ಕೂತಾಗ ಜಗಳ ಬಸ್ಸಾರಿನ ಜೊತೆಗೇ ಬಂತು. ಬೈರಪ್ಪನ ಮಗ ಸ್ವಾಮಿ ಬಿಡದಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಗೆ ಹೋಗುತ್ತಿದ್ದ. ಕಂಪನಿ ಬಸ್ಸು ಇಳಿದು, ಕಾಲು ತೊಳೆದು, ತಟ್ಟೆಯ ಮುಂದೆ ಕೂರುವಷ್ಟರಲ್ಲಿ ತಂದೆ ಶುರು ಮಾಡಿದ.

"ಏನ್ಲಾ ಸ್ವಾಮಿ, ನಿನ್ನೆಡ್ತಿ ಊರ್ ಮುಂದೆ ನನ್ ಮಾನ ತೆಗೆದ್ಲಲ್ಲ, ಕೇಳಕಿಲ್ವ?"

"ಏನಾಯ್ತಪ್ಪ?"

"ಮಿಷನ್ ಮುಟ್ಟಕಿಲ್ವಂತೆ. ಮುಚ್ಚಳ ಬೇಕಂತೆ."

ಸ್ವಾಮಿ ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸುತ್ತ, "ಕಂಪ್ನೀಲೂ ಹಾಕ್ತಾರೆ ಅಪ್ಪ ಮುಚ್ಚಳ" ಎಂದು ತಟ್ಟೆಗೆ ಹೇಳಿದ.

"ಕಂಪ್ನಿ ಮಾತು ಕಂಪ್ನೀಲಿ ಮಡಗು. ಅವು ಕೈಲಾಗದೋರ್ಗೆ ಮಾಡಿರೋ ಮಿಷನ್ನು. ನೋಡ್ಕ ನನ್ ಕೈಯ!"

ಹತ್ತು ಬೆರಳೂ ಸಾರಿನ ಪಾತ್ರೆಯ ಮೇಲೆ ಹರಡಿಕೊಂಡವು. ಸ್ವಾಮಿ ಮತ್ತೆ ಬಾಯಿ ತೆರೆದದ್ದು ಮುದ್ದೆ ನುಂಗಲು ಮಾತ್ರ.

ಕೋಣೆಗೆ ಹೋದ ಮೇಲೆ ನವ್ಯಶ್ರೀ ಗಂಡನನ್ನು ಹಿಡಿದುಕೊಂಡಳು. "ಅಲ್ಲಿ ಸೂಪರ್‌ವೈಸರ್ ನೋಡ್ತಾನೆ ಅಂತ ಕಣ್ಣಿಗೆ ಕನ್ನಡ್ಕ, ಕೈಗೆ ಗ್ಲೌಸು, ಕಾಲ್ಗೆ ಕಬ್ಣದ ಬೂಟ್ಸು. ಇಲ್ಲಿ ಹೆಂಡ್ತಿ ಕೈ ಅಂದ್ರೆ ನಿಮ್ಗೆ ನಾಲ್ಗೆ ಹೊರ್ಳಕಿಲ್ಲ."

"ಅಪ್ಪಂಗೆ ಹೇಳಿ ಗೆದ್ದೋರು ಯಾರಾದ್ರೂ ಅವ್ರಾ? ಒಸಿ ದಿನ ಸುಮ್ಕಿರು, ಅವ್ರೇ ಹಾಕ್ತಾರೆ."

"ಒಸಿ ದಿನ ಅಂದ್ರೆ ಎಷ್ಟು? ಬೆಳ್ಳು ಹೋಗೋವರ್ಗಾ?"

ಸ್ವಾಮಿ ಗೋಡೆಯ ಕಡೆ ತಿರುಗಿ ಮಲಗಿದ. ಒಳ್ಳೆಯವನೇ, ಆದರೆ ಅಪ್ಪನ ಮುಂದೆ ಅವನ ಒಳ್ಳೆಯತನಕ್ಕೆ ದನಿ ಇರಲಿಲ್ಲ.

ಮಾರನೆಯ ದಿನದಿಂದ ಹಸುಗಳ ಮುಂದೆ ಎರಡು ಗುಡ್ಡೆ ಬೀಳತೊಡಗಿದವು. ಒಂದು ಅತ್ತೆಯ ಮಿಷನ್ನಿನ ಮೇವು, ಇನ್ನೊಂದು ಸೊಸೆಯ ಮಚ್ಚಿನ ಮೇವು. ಸರಸಮ್ಮ ಚಿಟಿಕೆ ಹೊಡೆಯುವಷ್ಟರಲ್ಲಿ ಹೊರೆ ಮುಗಿಸಿ, ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂರುತ್ತಿದ್ದಳು. ಕೊರಡಿನ ಮುಂದೆ ಬೆವರು ಸುರಿಸುವ ಸೊಸೆಯನ್ನು ನೋಡಿಕೊಂಡು ಬೀದಿಗೆ ಕೇಳುವಂತೆ ಮಾತು ಶುರು ಮಾಡುತ್ತಿದ್ದಳು.

"ನಮ್ಮನೇಲಿ ರಾಣಿ ಬಂದವ್ಳೆ ಕಣ್ರವ್ವ. ಮಿಷನ್ ಮುಟ್ಟಿದ್ರೆ ಕೈ ಸವೀತದಂತೆ."

"ಸವದ್ರೆ ಪರ್ವಾಗಿಲ್ಲ ಅತ್ತೆ, ಹೋಗ್ಬಾರ್ದು."

"ನನ್ ಕೈ ಹೋಗೈತಾ? ದಿನಾ ಕೊಡ್ತೀನಿ."

"ನಿಮ್ ಕೈ ಬಗ್ಗೇನೂ ನಂಗೆ ಅದೇ ಭಯ."

ಇದನ್ನು ಸರಸಮ್ಮ ಶಾಪವೆಂದೇ ತಿಳಿದಳು. ಅವತ್ತು ಸಂಜೆ ಸೊಸೆಯ ತಟ್ಟೆಗೆ ಬಿದ್ದ ಮುದ್ದೆ ನಿಂಬೆಹಣ್ಣಿಗಿಂತ ಒಂದಿಷ್ಟು ದೊಡ್ಡದಿತ್ತು. ನವ್ಯಶ್ರೀ ಅದನ್ನು ನೋಡಿದಳು, ಎದ್ದಳು, ಒಲೆ ಹಚ್ಚಿ ಎಸರಿಟ್ಟಳು. ತನಗೆ ಬೇಕಾದಷ್ಟು ದೊಡ್ಡ ಮುದ್ದೆ ತಿರುವಿ, ಎಲ್ಲರ ನಡುವೆ ಬಂದು ಕೂತು, ಕೊನೆಯ ತುತ್ತಿನವರೆಗೂ ನಿಧಾನವಾಗಿ ಉಂಡಳು. ಮಗಳು ಪುಟ್ಟಿ ಕಣ್ಣರಳಿಸಿ ನೋಡಿ, "ಅಮ್ಮ, ನಿಂಗೆ ಅಷ್ಟು ಹಸಿವಾ?" ಎಂದಳು.

"ಹೂಂ ಮಗ. ಮಚ್ಚಲ್ಲಿ ಕೊಚ್ಚಿದ್ರೆ ಹಸಿವಾಗ್ತದೆ."

ಬೈರಪ್ಪನಿಗೆ ನಗು ಬಂತು. ಸರಸಮ್ಮ ನೋಡುತ್ತಿದ್ದಳೆಂದು ಅದನ್ನು ಮಜ್ಜಿಗೆಯ ಜೊತೆ ನುಂಗಿದ.

ಹೀಗೇ ವಾರಗಳು ಕಳೆದವು. ನವ್ಯಶ್ರೀಯ ಅಂಗೈ ಬೊಬ್ಬೆ ಬಂದು ಒಡೆದು ಗಟ್ಟಿಯಾಯಿತು. ಹಠ ಬಿಟ್ಟಿದ್ದರೆ ಅರ್ಧ ಕೆಲಸ ಉಳಿಯುತ್ತಿತ್ತು. ಅದು ಅವಳಿಗೂ ಗೊತ್ತಿತ್ತು, ಒಮ್ಮೊಮ್ಮೆ ಆಸೆಯೂ ಆಗುತ್ತಿತ್ತು. ಆ ಆಸೆಯನ್ನು ಪೂರ್ತಿ ಕೊಂದವಳು ಪುಟ್ಟಿ.

ಒಂದು ಭಾನುವಾರ ಮಿಕ್ಸಿಯ ಪ್ಲಗ್ಗು ಮುರಿದು ಬಿದ್ದಿತ್ತು. ನವ್ಯಶ್ರೀ ಹಿತ್ತಲಿನಿಂದ ಕೊಬ್ಬರಿ ತೆಗೆದುಕೊಂಡು ಒಳಗೆ ಬಂದಾಗ ಮಗಳು ಸ್ಟೂಲಿನ ಮೇಲೆ ನಿಂತಿದ್ದಳು. ಕೈಯಲ್ಲಿ ಎರಡು ಬರೀ ತಂತಿ, ಹಲ್ಲಿನ ನಡುವೆ ಬೆಂಕಿಕಡ್ಡಿ.

ನವ್ಯಶ್ರೀ ಕೊಬ್ಬರಿ ಬಿಸಾಡಿ ಮಗಳನ್ನು ಸೊಂಟ ಹಿಡಿದು ಎಳೆದುಕೊಂಡಳು. ಮೊದಲು ಹೊಡೆದಳು, ಆಮೇಲೆ ಅಪ್ಪಿಕೊಂಡು ಅತ್ತಳು.

"ತಾತ ಹಿಂಗೇ ಮಾಡ್ತದಲ್ಲಮ್ಮ! ನಾನು ರಿಪೇರಿ ಮಾಡ್ತಿದ್ದೆ!" ಪುಟ್ಟಿಯ ಅಳುವಿನಲ್ಲಿ ಅವಮಾನವೇ ಹೆಚ್ಚು ಇತ್ತು.

ನವ್ಯಶ್ರೀ ಮಗಳನ್ನು ಎತ್ತಿಕೊಂಡು ನೇರ ಶೆಡ್ಡಿಗೆ ಹೋದಳು. ಬೈರಪ್ಪ ಕಟಿಂಗ್ ಪ್ಲೇಯರಿನಲ್ಲಿ ಮೊಳೆ ಬಡಿಯುತ್ತಿದ್ದ.

"ಮಾವ, ನಿಮ್ ಮೊಮ್ಮಗ್ಳು ಇವತ್ತು ಕರೆಂಟಿನ್ ತೂತಿಗೆ ಕಡ್ಡಿ ಹಾಕ್ತಿದ್ಲು. ನಾನು ಒಂದ್ ಗಳ್ಗೆ ತಡ ಮಾಡಿದ್ರೆ ಹೆಣ ಎತ್ಬೇಕಾಗಿತ್ತು."

ಬೈರಪ್ಪನ ಕೈ ನಿಂತಿತು. ಮುಖದಲ್ಲಿ ಹೆದರಿಕೆ ಬಂದು ಹೋದದ್ದನ್ನು ನವ್ಯಶ್ರೀ ಕಂಡಳು. ಆದರೆ ಬಾಯಿಂದ ಬಂದ ಮಾತೇ ಬೇರೆ.

"ಮಕ್ಳನ್ನ ನೋಡ್ಕಳದು ತಾಯ್ದೀರ ಕೆಲ್ಸ ಕಣವ್ವ."

"ಆಯ್ತು. ನೋಡ್ಕತೀನಿ" ಎಂದಳು ನವ್ಯಶ್ರೀ.

ಮಾರನೆಯ ದಿನ ಪುಟ್ಟಿಯನ್ನು ಸ್ಕೂಲಿಗೆ ಬಿಟ್ಟು, ಯಾರನ್ನೂ ಕೇಳದೆ ಚನ್ನಪಟ್ಟಣದ ಬಸ್ಸು ಹತ್ತಿದಳು. ಜಬ್ಬಾರನ ಅಂಗಡಿಯಲ್ಲಿ ಅರಗಿನ ವಾಸನೆ, ನೆಲದ ತುಂಬ ಬಣ್ಣ ಬಣ್ಣದ ಮರದ ಸುರುಳಿ. ಮೋಟರಿಗೆ ಸ್ವಿಚ್ಚೇ ಇಲ್ಲವೆಂದು ಕೇಳಿ ಅವನು ಹಣೆ ಚಚ್ಚಿಕೊಂಡ.

"ಬರೀ ಸ್ವಿಚ್ ಸಾಲಲ್ಲ ತಂಗಿ. ಸ್ಟಾರ್ಟರ್ ಹಾಕ್ಸಿ. ಕರೆಂಟ್ ಹೋದ್ರೆ ಅದಷ್ಟಕ್ಕೆ ಅದೇ ಆಫ್ ಆಯ್ತದೆ. ಆಮ್ಯಾಲೆ ಕರೆಂಟ್ ಬಂದ್ರೂ ಹಸ್ರು ಬಟನ್ ಒತ್ತೋವರ್ಗೂ ಮೋಟ್ರು ತಿರ್ಗಲ್ಲ. ನಮ್ ಕಡೆ ಕರೆಂಟು ಹೋಗೋದ್ಯಾವಾಗ, ಬರೋದ್ಯಾವಾಗ, ಅವ್ರಪ್ಪಂಗೂ ಗೊತ್ತಿಲ್ಲ."

ತನ್ನ ಬಳಿ ಇದ್ದ ಹಳೆಯ ಸ್ಟಾರ್ಟರನ್ನೇ ಒರೆಸಿ, ಓಡಿಸಿ ನೋಡಿ, ಕೊಟ್ಟ. ನವ್ಯಶ್ರೀ ಅದನ್ನು ತಂದು ಮಾವನ ಮುಂದೆ ಇಟ್ಟಳು. "ಇದ್ನ ಹಾಕಿ, ಒಂದು ತಗಡು ಮುಚ್ಚಿ. ನಾಳೆಯಿಂದ ಎಲ್ಲಾ ಮೇವೂ ನಾನೇ ಕತ್ತರಿಸ್ತೀನಿ."

ಬೈರಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಒಳ್ಳೆಯ ಸಾಮಾನು ಎಂದು ಅವನಿಗೆ ತಿಳಿಯದೆ ಇರಲಿಲ್ಲ. ಆದರೆ ಸೊಸೆ ತಂದದ್ದು, ಅದೂ ಜಬ್ಬಾರನ ಮುಂದೆ ಮನೆಯ ಮಾತು ಆಡಿ ತಂದದ್ದು. "ಹಾಕ್ತೀನಿ ಬುಡು" ಎಂದ. ಗೋಡೆಗೆ ಒಂದು ಮೊಳೆ ಹೊಡೆದು ಅದನ್ನು ತೂಗುಹಾಕಿದ. ತಂತಿ ಕೊಡಲಿಲ್ಲ. ಒಂದೆರಡು ದಿನದಲ್ಲಿ ಅದರ ಮೇಲೆ ಅವನ ಟವೆಲ್ಲು ಒಣಗತೊಡಗಿತು.

ಅನಾಹುತ ಆದದ್ದು ಒಂದು ಮಧ್ಯಾಹ್ನ. ನವ್ಯಶ್ರೀ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಶೆಡ್ಡಿನಿಂದ ಮಿಷನ್ನಿನ ಸದ್ದು ಬರುತ್ತಿತ್ತು, ನಿಂತಿತು. ಮನೆಯೊಳಗೆ ಪುಟ್ಟಿ ನೋಡುತ್ತಿದ್ದ ಟಿವಿಯೂ ಸುಮ್ಮನಾಯಿತು. ಕರೆಂಟು ಹೋಗಿತ್ತು, ದಿನವೂ ಹೋಗುವಂತೆ. ನವ್ಯಶ್ರೀ ಕಲ್ಲಿನ ಮೇಲೆ ಇನ್ನೊಂದು ಲಂಗ ಕುಕ್ಕಿದಳು.

ಶೆಡ್ಡಿನಲ್ಲಿ ಸರಸಮ್ಮ ಒಬ್ಬಳೇ ಇದ್ದಳು. ಓಡುತ್ತಿದ್ದ ಚಕ್ರ ನಿಂತದ್ದರಿಂದ ಹುಲ್ಲಿನ ದಂಟುಗಳು ಅಲಗಿನ ಸಂದಿಗೆ ಸಿಕ್ಕಿಕೊಂಡಿದ್ದವು. ಹಾಲು ಕರೆಯುವ ಹೊತ್ತು ಹತ್ತಿರವಾಗಿತ್ತು, ಹಸುಗಳು ಕೂಗುತ್ತಿದ್ದವು. ಕರೆಂಟು ಬರುವಷ್ಟರಲ್ಲಿ ಬಿಡಿಸಿ ಇಟ್ಟರೆ ಆಯಿತು ಎಂದುಕೊಂಡಳು. ಮಿಷನ್ನು ನಿಂತಿದೆ, ಭಯವೇನು? ಬೋರ್ಡಿನಲ್ಲಿ ತಂತಿ, ಕಡ್ಡಿ ಹಾಗೇ ಇದ್ದವು. ಎಡಗೈ ಒಳಗೆ ಹಾಕಿ ದಂಟು ಹಿಡಿದು ಎಳೆದಳು.

ಒಳಗೆ ಟಿವಿ ಹಾಡಿತು. ಅದೇ ಗಳಿಗೆಗೆ ಶೆಡ್ಡಿನಿಂದ ಬಂದ ಕೂಗನ್ನು ನವ್ಯಶ್ರೀ ಎಂದೂ ಮರೆಯಲಾರಳು.

ಅವಳು ಓಡಿ ಹೋಗಿ ಮೊದಲು ತಂತಿ ಕಿತ್ತಳು. ಅತ್ತೆ ನೆಲದ ಮೇಲೆ ಕೂತಿದ್ದಳು. ಕೈಯನ್ನು ಸೆರಗಿನಲ್ಲಿ ಅದುಮಿ ಹಿಡಿದಿದ್ದಳು, ಸೆರಗು ಕೆಂಪಾಗಿತ್ತು. "ಏನೂ ಆಗಿಲ್ಲ, ಏನೂ ಆಗಿಲ್ಲ" ಎನ್ನುತ್ತಿದ್ದಳು. ನವ್ಯಶ್ರೀ ಒಗೆಯುತ್ತಿದ್ದ ಲಂಗವನ್ನೇ ಹರಿದು ಬಿಗಿಯಾಗಿ ಸುತ್ತಿದಳು. ಕೃಷ್ಣಪ್ಪ ಆಟೋ ತಂದ. ರಾಮನಗರ ಮುಟ್ಟುವವರೆಗೂ ಅತ್ತೆಯ ತಲೆ ಸೊಸೆಯ ಎದೆಯ ಮೇಲಿತ್ತು.

ಎಡಗೈಯ ನಡುಬೆರಳು, ಉಂಗುರದ ಬೆರಳು ಎರಡೂ ಮೇಲಿನ ಗಿಣ್ಣಿನವರೆಗೆ ಹೋಗಿದ್ದವು. ಡಾಕ್ಟರು ಹೊಲಿದು ಕಟ್ಟಿದರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಬೈರಪ್ಪ ಕೂತಿದ್ದ. ಸ್ವಾಮಿ ಕಂಪನಿಯ ಬಟ್ಟೆ, ಕಬ್ಬಿಣದ ಬೂಟುಗಳಲ್ಲೇ ಓಡಿ ಬಂದ.

"ಕರೆಂಟ್ ಬಂದ್ಬುಡ್ತು ಕಣ್ಲಾ" ಎಂದ ಬೈರಪ್ಪ. "ನಾನೇನ್ ಮಾಡ್ಲಿ? ಕಡ್ಡಿ ಕೀಳ್ದೆ ಯಾರಾದ್ರೂ ಕೈ ಹಾಕ್ತಾರಾ? ಒಸಿ ನೋಡ್ಕಂಡು..."

"ಸಾಕು ನಿಲ್ಸಪ್ಪ!" ಸ್ವಾಮಿಯ ದನಿಗೆ ಕಾಂಪೌಂಡಿನಲ್ಲಿ ಎಳನೀರು ಕೊಚ್ಚುತ್ತಿದ್ದವನೂ ತಿರುಗಿದ. "ಅವ್ವನ ಮ್ಯಾಲೆ ಹಾಕ್ಬೇಡ. ನಿನ್ ಮಿಷನ್ನು, ನಿನ್ ಕಡ್ಡಿ, ನಿನ್ ಜಂಬ! ನವ್ಯ ಕೈ ಮುಗಿದು ಕೇಳಿದ್ಲು. ನೀನು ಅವ್ಳು ತಂದಿದ್ ಸ್ಟಾರ್ಟರ್ ಮ್ಯಾಲೆ ಟವಲ್ ಒಣಗಾಕ್ದೆ!"

ಬೈರಪ್ಪ ತಲೆ ತಗ್ಗಿಸಿದ. ಔಷಧಿ ಚೀಟಿ ಹಿಡಿದು ಹೊರಗೆ ಬಂದಿದ್ದ ಹೆಂಡತಿಯ ಕಡೆ ಸ್ವಾಮಿ ನೋಡಿದ, ಹೊಗಳುತ್ತಾಳೇನೋ ಎಂಬಂತೆ.

"ಈಗ ನಾಲ್ಗೆ ಹೊರ್ಳ್ತಾ?" ಎಂದಳು ನವ್ಯಶ್ರೀ. "ಆವತ್ತೇ ಹೊರ್ಳಿದ್ರೆ ಅತ್ತೆ ಬೆಳ್ಳು ಇರ್ತಿದ್ವು." ಚೀಟಿಯನ್ನು ಅವನ ಕೈಗೆ ತುರುಕಿ ಒಳಗೆ ಹೋದಳು.

ಸರಸಮ್ಮ ಮನೆಗೆ ಬಂದ ಮೇಲೆ ಅಡುಗೆ, ಹಾಲು, ಮೇವು ಎಲ್ಲ ನವ್ಯಶ್ರೀಯ ಪಾಲಿಗೆ ಬಂತು. ಅತ್ತೆಗೆ ತಲೆ ಬಾಚಿ, ಸೀರೆ ಉಡಿಸಬೇಕಿತ್ತು. ಮುದ್ದೆಯನ್ನು ಈಗ ಸೊಸೆ ಕಟ್ಟುತ್ತಿದ್ದಳು, ಅತ್ತೆಯ ತಟ್ಟೆಗೆ ದೊಡ್ಡದನ್ನೇ ಹಾಕುತ್ತಿದ್ದಳು. ಸರಸಮ್ಮ ಅದನ್ನು ನೋಡುತ್ತ ಕೂತಿದ್ದು ಒಂದು ದಿನ ತಾನೇ ಮಾತು ತೆಗೆದಳು.

"ನೀನು ಯೋಳಿದಾಗ್ಲೇ ಕೇಳ್ಬೇಕಾಗಿತ್ತು ಅಂತ ನಾನೇನೂ ಅನ್ನಕಿಲ್ಲ."

"ಅನ್ಬೇಡಿ ಬುಡಿ ಅತ್ತೆ. ಉಣ್ಣಿ."

"ಅವ್ರು ಮಾಡಿರೋ ಮಿಷನ್ನು. ಮನೆ ಹೆಂಗಸ್ರಿಬ್ರೂ ಮುಟ್ದೆ ಹೋದ್ರೆ ಊರೋರು ನಗಾಡ್ತಾರೆ ಅಂತ ಮುಟ್ಟಿದೆ. ನಂಗೂ ಭಯ ಇತ್ತು ಕಣವ್ವ. ದಿನಾ ಇತ್ತು."

ಎಷ್ಟು ದಿನ ಜಗಲಿಯ ಮೇಲೆ ಕೂತು ತನ್ನನ್ನು ಆಡಿಕೊಂಡ ಹೆಂಗಸು! ನವ್ಯಶ್ರೀ ಅತ್ತೆಯ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು.

ಬೈರಪ್ಪ ಈ ದಿನಗಳಲ್ಲಿ ಹೆಂಡತಿಯ ಮುಖ ನೋಡುತ್ತಿದ್ದ, ಕೈ ನೋಡುತ್ತಿರಲಿಲ್ಲ. ನೋವಿದೆಯೇ ಎಂದು ಒಮ್ಮೆಯೂ ಕೇಳಲಿಲ್ಲ. ಶೆಡ್ಡಿಗೆ ಹೋಗಿ ಬಾಗಿಲು ಮುಂದಕ್ಕೆಳೆದುಕೊಳ್ಳುತ್ತಿದ್ದ, ಒಳಗಿನಿಂದ ಬಡಿಯುವ ಸದ್ದು ಕೇಳುತ್ತಿತ್ತು. ಸ್ವಾಮಿ ಮಿಷನ್ನನ್ನು ಗುಜರಿಗೆ ಹಾಕುತ್ತೇನೆಂದು ಹಾರಾಡಿದ. ಸರಸಮ್ಮನೇ ತಡೆದಳು. "ಯಾರೂ ಮುಟ್ಬ್ಯಾಡಿ. ಅದ್ರ ಲೆಕ್ಕ ನಂದು" ಎಂದಳು. ಏನು ಲೆಕ್ಕ ಎಂದು ಯಾರಿಗೂ ತಿಳಿಯಲಿಲ್ಲ.

ಒಂದು ರಜೆಯ ದಿನ ಎಲ್ಲರೂ ಮನೆಯಲ್ಲಿದ್ದಾಗ ಬೈರಪ್ಪ ಶೆಡ್ಡಿನ ಬಾಗಿಲು ತೆರೆದು ಕೂಗಿದ.

"ಬನ್ನಿ ಎಲ್ರೂ. ಈಗ ಸರಿ ಮಾಡಿವ್ನಿ."

ಮುಚ್ಚಳ ಹಾಕಿರಬಹುದು ಎಂದುಕೊಂಡು ನವ್ಯಶ್ರೀ ಹೋದಳು. ಮುಚ್ಚಳ ಇರಲಿಲ್ಲ. ಬೋರ್ಡಿನ ಹತ್ತಿರ ಅದೇ ತಂತಿ, ಅದೇ ಬೆಂಕಿಕಡ್ಡಿ. ಮಿಷನ್ನಿನ ಪಕ್ಕಕ್ಕೆ ಒಂದು ನೀಟಾದ ಕವೆಗೋಲು ಒರಗಿತ್ತು, ಹಿಡಿಗೆ ಬಟ್ಟೆ ಸುತ್ತಿತ್ತು.

"ಇನ್ಮ್ಯಾಲೆ ಕೈ ಕೊಡಂಗಿಲ್ಲ. ಕೋಲಲ್ಲಿ ತಳ್ಳದು. ಆಯ್ತಲ್ಲ ನವ್ಯ? ಬಾರವ್ವ."

"ಇಲ್ಲ ಮಾವ."

"ಇನ್ನೂ ಹಠವಾ?"

"ಇನ್ನೂ ಹಠವೇ. ಪುಟ್ಟಿ ದೊಡ್ಡವ್ಳಾದ್ರೂ ಇದೇ ಹಠ."

ಬೈರಪ್ಪನ ಮೂಗು ಕೆಂಪಗಾಯಿತು. "ನಾನೇ ಮಾಡ್ ತೋರುಸ್ತೀನಿ, ನೋಡಿ" ಎಂದು ತಂತಿ ತೂರಿಸಿ ಕಡ್ಡಿ ಸಿಕ್ಕಿಸಿ, ಮಿಷನ್ನು ತಿರುಗುತ್ತಲೂ ಹುಲ್ಲಿನ ಕಟ್ಟು ಎತ್ತಿದ. ಮಿಷನ್ನು ಮಾಡಿದ ಮೇಲೆ ಮೇವು ಕೊಡುವ ಬದಿಯಲ್ಲಿ ಅವನು ನಿಂತದ್ದು ಅದೇ ಮೊದಲು. ಅವನ ಜಾಗ ಯಾವಾಗಲೂ ಬೋರ್ಡಿನ ಬದಿ. ಒಂದು ಕಟ್ಟು ಹೋಯಿತು, ಇನ್ನೊಂದು ಹೋಗುತ್ತಿತ್ತು. ಅಷ್ಟರಲ್ಲಿ ಸದ್ದು ಇಳಿಯಿತು, ಚಕ್ರ ನಿಧಾನವಾಗಿ ನಿಂತಿತು. ಕರೆಂಟು ಹೋಯಿತು. ದಂಟುಗಳು ಅಲಗಿನ ಸಂದಿಯಲ್ಲಿ ಸಿಕ್ಕಿಕೊಂಡವು.

ಬೈರಪ್ಪ ಕವೆಗೋಲಿನಿಂದ ತಿವಿದ. ಬರಲಿಲ್ಲ. ಇನ್ನೊಂದು ಬದಿಯಿಂದ ತಿವಿದ. ಇನ್ನಷ್ಟು ಬಿಗಿಯಾಯಿತು.

"ಕೈಯಲ್ಲಿ ತೆಗೀರಿ."

ಎಲ್ಲರೂ ತಿರುಗಿ ನೋಡಿದರು. ಸರಸಮ್ಮ ಬಾಗಿಲಲ್ಲಿ ನಿಂತಿದ್ದಳು. ಆ ದಿನದ ನಂತರ ಅವಳು ಶೆಡ್ಡಿನ ಹತ್ತಿರ ಬಂದಿರಲಿಲ್ಲ.

"ತೆಗೀತೀನಿ ತಡಿಯಮ್ಮಿ" ಎಂದು ಬೈರಪ್ಪ ಬೋರ್ಡಿನ ಕಡೆ ಹೆಜ್ಜೆ ಇಟ್ಟ.

"ಕಡ್ಡಿ ಕೀಳ್ಬೇಡಿ. ಆವತ್ತು ನಾನು ಕೀಳ್ನಿಲ್ಲ."

"ಅದ್ಯಾಕಮ್ಮಿ ಅಂಗಂತೀಯ?"

"ಕರೆಂಟ್ ಇಲ್ವಲ್ಲ. ಮಿಷನ್ ನಿಂತೈತಲ್ಲ. ಹಾಕಿ ಕೈಯ."

ಸ್ವಾಮಿ "ಅವ್ವಾ" ಎಂದು ಮುಂದೆ ಬಂದ. ಸರಸಮ್ಮ ಬಟ್ಟೆ ಕಟ್ಟಿದ ಕೈ ಎತ್ತಿ ಅವನನ್ನು ನಿಲ್ಲಿಸಿದಳು. ಮಾವನ ಹಠ ನವ್ಯಶ್ರೀಗೆ ಗೊತ್ತು, ಹಾಕಿದರೂ ಹಾಕಿಯಾನು. ಅವಳು ಪುಟ್ಟಿಯ ಮುಖವನ್ನು ತನ್ನ ಸೀರೆಗೆ ಒತ್ತಿಕೊಂಡಳು.

ಬೈರಪ್ಪ ಹಾಕುವವನೇ. ತೋಳು ಮಡಿಸಿದ, ಬಗ್ಗಿದ. ಕೈ ಅಲಗಿನ ಹತ್ತಿರದವರೆಗೂ ಹೋಯಿತು. ಮಿಷನ್ನಿನಿಂದ ಒಂದು ಸದ್ದಿಲ್ಲ, ಒಂದು ಅಲುಗಾಟವಿಲ್ಲ. ಆದರೂ ಕೈ ಅಲ್ಲೇ ನಿಂತಿತು. ಕಣ್ಣು ಬೋರ್ಡಿನ ಕಡೆ ಹೋಯಿತು, ಕಡ್ಡಿಗಳ ಕಡೆ ಹೋಯಿತು, ತಿರುಗಿ ಅಲಗಿಗೆ ಬಂತು. ಕೈಯನ್ನು ಒಮ್ಮೆ ಹಿಂದಕ್ಕೆ ತಂದು ಪಂಚೆಗೆ ಒರೆಸಿಕೊಂಡು ಮತ್ತೆ ಚಾಚಿದ. ಈ ಸಲ ಅಷ್ಟು ದೂರವೂ ಹೋಗಲಿಲ್ಲ.

"ಯಾಕೆ, ಹೋಯ್ತಾ ಇಲ್ವಾ?" ಎಂದಳು ಸರಸಮ್ಮ. "ನನ್ ಕೈ ಹೋಯ್ತಲ್ಲ."

ಕೊಟ್ಟಿಗೆಯಲ್ಲಿ ಹಸು ಕೂಗಿತು. ಬೈರಪ್ಪ ನೆಟ್ಟಗೆ ನಿಂತು, ಯಾರ ಮುಖವನ್ನೂ ನೋಡದೆ, ಸೊಸೆಯ ಮುಂದೆ ಕೈ ನೀಡಿದ.

"ಮಚ್ಚು ಕೊಡವ್ವ."

ನವ್ಯಶ್ರೀ ತಂದು ಕೊಟ್ಟಳು. ಅವನು ಅಂಗಳದ ಕೊರಡಿನ ಮುಂದೆ ಹೋಗಿ ಕುಕ್ಕರುಗಾಲಿನಲ್ಲಿ ಕೂತ. ಹುಲ್ಲಿನ ಹಿಡಿ ಹೇಗೆ ಜೋಡಿಸಿಕೊಳ್ಳಬೇಕೆಂದು ತಿಳಿಯದೆ ಒಂದಷ್ಟು ಉದ್ದ, ಒಂದಷ್ಟು ಗಿಡ್ಡ ಕೊಚ್ಚತೊಡಗಿದ. ಎದುರುಮನೆಯ ಕೃಷ್ಣಪ್ಪ ಬಾಗಿಲಿಗೆ ಬಂದು ನಿಂತು ನೋಡಿದ. ನೋಡಲಿ ಎಂದು ಸರಸಮ್ಮ ಜಗಲಿಯ ಮೇಲೆ ಕೂತಳು.

ಸ್ವಲ್ಪ ಹೊತ್ತಾಗಿತ್ತು. ಶೆಡ್ಡಿನೊಳಗೆ ಮಿಷನ್ನು ಕರಕ್ ಎಂದು ಎಗರಿ, ಸಿಕ್ಕಿದ್ದ ದಂಟುಗಳನ್ನು ಕತ್ತರಿಸಿ ಎಸೆದು, ಗರ್ರೆಂದು ತಿರುಗತೊಡಗಿತು. ಅದರ ಹತ್ತಿರ ಯಾರೂ ಇರಲಿಲ್ಲ.

ಬೈರಪ್ಪನ ಕೈಯಿಂದ ಮಚ್ಚು ಜಾರಿ ಬಿತ್ತು. ಸ್ವಾಮಿ ಓಡಿ ಹೋಗಿ ತಂತಿ ಕಿತ್ತ. ಸದ್ದು ನಿಂತ ಮೇಲೂ ಬೈರಪ್ಪ ತನ್ನ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಹಾಗೇ ಕೂತಿದ್ದ. ಆಮೇಲೆ ತಲೆ ಎತ್ತಿ ಹೆಂಡತಿಯ ಕೈಯನ್ನು ನೋಡಿದ. ಬಹಳ ಹೊತ್ತು ನೋಡಿದ.

"ನೋವೈತಾ ಅಮ್ಮಿ?"

"ಐತೆ" ಎಂದಳು ಸರಸಮ್ಮ. "ಒಸಿ ಸಣ್ಣಕ್ ಕೊಚ್ಚಿ."